ಹೃದಯದ ಗೆರೆಯನ್ನು ಬರೆಸಿದವರು: ವಿಲ್ಲೆಮ್ ಐಂಥೋವನ್

ನಮ್ಮ ಮನೆಯ ಬೀರುವಿನಲ್ಲಿ ಒಂದು ಪ್ಲಾಸ್ಟಿಕ್ ಫೈಲ್ ಇದೆ. ರೇಷನ್ ಕಾರ್ಡ್, ಮನೆಯ ಬಾಡಿಗೆ ಕರಾರು, ನನ್ನ ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಎಲ್ಲವೂ ಅದರಲ್ಲೇ. ಈ ವರ್ಷದಿಂದ ಅದರಲ್ಲಿ ಗುಲಾಬಿ ಬಣ್ಣದ ಎರಡು ಕಾಗದಗಳೂ ಸೇರಿವೆ. ಎರಡೂ ನನ್ನ ಅಬ್ಬಾನ ಇಸಿಜಿ. ಒಂದೇ ಬೆಳಗಿನ ಜಾವ, ಒಂದೇ ಮೆಷಿನ್, ನಡುವೆ ಹದಿನೈದು ನಿಮಿಷಗಳ ಅಂತರ. ಒಂದರಲ್ಲಿ ಗೆರೆ ಅಲ್ಲಲ್ಲಿ ಗುಡ್ಡದಂತೆ ಎದ್ದು ನಿಂತಿದೆ. ಇನ್ನೊಂದರಲ್ಲಿ ಏನೂ ಆಗಿಯೇ ಇಲ್ಲ ಎನ್ನುವ ಹಾಗೆ ನೆಟ್ಟಗಿದೆ. ಆ ಕಾಗದದ ಮೇಲಿನ ಅಚ್ಚು ದಿನ ಕಳೆದಂತೆ ಮಾಸಿಹೋಗುತ್ತದೆ ಎಂದು ಯಾರೋ ಹೇಳಿದ್ದರಿಂದ ಅಮ್ಮಿ ಎರಡಕ್ಕೂ ಜೆರಾಕ್ಸ್ ಮಾಡಿಸಿ ಇಟ್ಟಿದ್ದಾರೆ.

ನಮ್ಮ ವಾರ್ತಾಪತ್ರದಲ್ಲಿ ಪ್ರತಿ ಸಲವೂ ಒಬ್ಬ ಮಹನೀಯರ ಜೀವನ ಪರಿಚಯ ಬರುತ್ತದೆ. ಈ ಸಲ ಬರೆಯುವ ಸರದಿ ನನ್ನದು ಎಂದಾಗ ನಾನು ಆ ಎರಡು ಕಾಗದಗಳನ್ನು ನೆನೆದೆ. ಹೃದಯ ತನ್ನ ಮಾತನ್ನು ಕಾಗದದ ಮೇಲೆ ತಾನೇ ಬರೆಯುವಂತೆ ಮಾಡಿದವರು ಯಾರು ಎಂದು ಹುಡುಕಿದೆ. ನಾನು ಓದುತ್ತಿರುವುದು ವಾಣಿಜ್ಯ. ವಿಜ್ಞಾನವನ್ನು ಹತ್ತನೆಯ ತರಗತಿಗೇ ಬಿಟ್ಟವನು. ಮನೆಯಲ್ಲಿ ಮಾತು ಉರ್ದು. ಆದ್ದರಿಂದ ವಿಜ್ಞಾನದಲ್ಲಿ ನನಗೆ ತಿಳಿಯದ್ದನ್ನು ನಮ್ಮ ಕಾಲೇಜಿನ ಜೀವಶಾಸ್ತ್ರದ ಮೇಡಂ ಕೂರಿಸಿಕೊಂಡು ಹೇಳಿಕೊಟ್ಟರು, ಕನ್ನಡವನ್ನು ಕನ್ನಡದ ಸರ್ ತಿದ್ದಿದರು. ಇಬ್ಬರಿಗೂ ಮೊದಲೇ ಶುಕ್ರಿಯಾ ಹೇಳಿಬಿಡುತ್ತೇನೆ.

ವಿಲ್ಲೆಮ್ ಐಂಥೋವನ್ ಹುಟ್ಟಿದ್ದು 1860ರ ಮೇ 21ರಂದು, ಜಾವಾ ದ್ವೀಪದ ಸೆಮರಾಂಗ್ ಎಂಬ ಊರಿನಲ್ಲಿ. ಇಂದು ಅದು ಇಂಡೋನೇಷ್ಯಾದಲ್ಲಿದೆ. ಆಗ ಅದು ಡಚ್ಚರ ವಸಾಹತು. ತಂದೆ ಯಾಕೋಬ್ ಅಲ್ಲಿ ವೈದ್ಯರಾಗಿದ್ದರು. ತಾಯಿ ಲೂಯಿಸ್. ಆರು ಮಕ್ಕಳಲ್ಲಿ ವಿಲ್ಲೆಮ್ ಮೂರನೆಯವರು, ಗಂಡುಮಕ್ಕಳಲ್ಲಿ ಹಿರಿಯರು. ಅವರಿಗೆ ಆರು ವರ್ಷವಾಗಿದ್ದಾಗ ತಂದೆ ತೀರಿಕೊಂಡರು. ನಾಲ್ಕು ವರ್ಷ ಹೇಗೋ ಅಲ್ಲೇ ಕಳೆದ ತಾಯಿ 1870ರಲ್ಲಿ ಆರು ಮಕ್ಕಳನ್ನೂ ಕರೆದುಕೊಂಡು ಹಾಲೆಂಡಿಗೆ ಹಿಂತಿರುಗಿ ಉಟ್ರೆಕ್ಟ್ ನಗರದಲ್ಲಿ ನೆಲೆಸಿದರು. ಮನೆಯ ಯಜಮಾನನಿಲ್ಲದೆ ಆರು ಮಕ್ಕಳನ್ನು ಓದಿಸುವುದು ಏನೆಂದು ನಮ್ಮ ಮೊಹಲ್ಲಾದವರಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ. ಅಂಥ ತಾಯಂದಿರು ನಮ್ಮ ಬೀದಿಯಲ್ಲೂ ಇದ್ದಾರೆ.

ವಿಲ್ಲೆಮ್ ತಂದೆಯ ದಾರಿಯನ್ನೇ ಹಿಡಿದು 1878ರಲ್ಲಿ ಉಟ್ರೆಕ್ಟ್ ವಿಶ್ವವಿದ್ಯಾಲಯದಲ್ಲಿ ವೈದ್ಯಕೀಯ ಓದಲು ಸೇರಿದರು. ಬರೀ ಪುಸ್ತಕದ ಹುಳುವಲ್ಲ. ಕಸರತ್ತು, ಕತ್ತಿವರಸೆ, ದೋಣಿ ಹುಟ್ಟುಹಾಕುವುದು ಎಲ್ಲದರಲ್ಲೂ ಮುಂದು. ವಿದ್ಯಾರ್ಥಿಗಳ ದೋಣಿ ಸಂಘವನ್ನು ಸ್ಥಾಪಿಸಿದವರಲ್ಲಿ ಅವರೂ ಒಬ್ಬರು. ಒಮ್ಮೆ ಬಿದ್ದು ಮಣಿಕಟ್ಟು ಮುರಿದುಕೊಂಡರು. ನಾವಾದರೆ ಪರೀಕ್ಷೆಗೆ ಹೋಗದಿರಲು ಅದೊಂದು ನೆಪ. ಅವರು ಮನೆಯಲ್ಲಿ ಕುಳಿತು, ಕೈಯನ್ನು ತಿರುಗಿಸುವಾಗ ಮೊಣಕೈ ಮತ್ತು ಭುಜದ ಕೀಲುಗಳು ಹೇಗೆ ಕೆಲಸ ಮಾಡುತ್ತವೆ ಎಂದು ಅಧ್ಯಯನ ಮಾಡಿ ಒಂದು ಲೇಖನವನ್ನೇ ಬರೆದರು. ನೋವು ಬಂದ ಜಾಗವನ್ನೇ ಪಾಠದ ಕೋಣೆ ಮಾಡಿಕೊಂಡ ಮನುಷ್ಯ ಅವರು.

1885ರಲ್ಲಿ ಡಾಕ್ಟರೇಟ್ ಪಡೆದರು. ಅದೇ ವರ್ಷ, ಕೇವಲ 25ನೆಯ ವಯಸ್ಸಿನಲ್ಲಿ, ಲೈಡನ್ ವಿಶ್ವವಿದ್ಯಾಲಯವು ಅವರನ್ನು ಶರೀರಕ್ರಿಯಾಶಾಸ್ತ್ರದ ಪ್ರಾಧ್ಯಾಪಕರನ್ನಾಗಿ ನೇಮಿಸಿತು. 1886ರಲ್ಲಿ ಕೆಲಸಕ್ಕೆ ಸೇರಿದರು. ಅದೇ ವರ್ಷ ಮದುವೆಯೂ ಆಯಿತು. ಮೂವರು ಹೆಣ್ಣುಮಕ್ಕಳು, ಒಬ್ಬ ಮಗ. ಆಮೇಲೆ ಸಾಯುವವರೆಗೂ ಅವರು ಲೈಡನ್ ಬಿಟ್ಟು ಬೇರೆ ಕಡೆ ಕೆಲಸಕ್ಕೆ ಹೋಗಲಿಲ್ಲ. ನಲವತ್ತು ವರ್ಷಕ್ಕೂ ಮೀರಿ ಒಂದೇ ಊರು, ಒಂದೇ ಪ್ರಯೋಗಶಾಲೆ.

ಹೃದಯ ಬಡಿಯುವಾಗ ಅದರಲ್ಲಿ ಅತಿ ಸಣ್ಣ ಪ್ರಮಾಣದ ವಿದ್ಯುತ್ ಹುಟ್ಟುತ್ತದೆ. ಈ ವಿಷಯ ಐಂಥೋವನ್‌ಗಿಂತ ಮೊದಲೇ ಗೊತ್ತಿತ್ತು. 1887ರಲ್ಲಿ ಲಂಡನ್ನಿನ ಆಗಸ್ಟಸ್ ವಾಲರ್ ಎಂಬ ವೈದ್ಯರು ಎದೆಯನ್ನು ತೆರೆಯದೆ, ಚರ್ಮದ ಮೇಲಿನಿಂದಲೇ, ಮನುಷ್ಯನ ಹೃದಯದ ವಿದ್ಯುತ್ತನ್ನು ಮೊದಲ ಬಾರಿಗೆ ದಾಖಲಿಸಿ ತೋರಿಸಿದರು. ಅವರ ಬಳಿ ಜಿಮ್ಮಿ ಎಂಬ ನಾಯಿ ಇತ್ತು. ಅದರ ಕಾಲುಗಳನ್ನು ಉಪ್ಪುನೀರಿನ ಪಾತ್ರೆಗಳಲ್ಲಿ ಇಳಿಸಿ ನಿಲ್ಲಿಸಿ ಸಭೆಗಳಲ್ಲಿ ಪ್ರದರ್ಶನ ಕೊಡುತ್ತಿದ್ದರು. ಪಾಪ ನಾಯಿಗೆ ಹಿಂಸೆಯಾಗುತ್ತಿದೆ ಎಂದು ಮುಂದೆ ಬ್ರಿಟಿಷ್ ಪಾರ್ಲಿಮೆಂಟಿನಲ್ಲಿ ಪ್ರಶ್ನೆಯೂ ಬಂತು. 1889ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ ನಡೆದ ಸಮ್ಮೇಳನದಲ್ಲಿ ವಾಲರ್ ತಮ್ಮ ಪ್ರಯೋಗವನ್ನು ತೋರಿಸಿದಾಗ ನೋಡುತ್ತಿದ್ದವರಲ್ಲಿ 29 ವರ್ಷದ ಐಂಥೋವನ್ ಕೂಡ ಇದ್ದರು. ಇದರಿಂದ ಆಸ್ಪತ್ರೆಗಳಿಗೆ ದೊಡ್ಡ ಉಪಯೋಗವಾದೀತು ಎಂದು ವಾಲರ್ ಅವರೇ ಬಹುಕಾಲ ನಂಬಿರಲಿಲ್ಲ. ಐಂಥೋವನ್ ಮಾತ್ರ ಅದನ್ನು ಬಿಡಲಿಲ್ಲ.

ಆಗಿನ ಉಪಕರಣ ಹೀಗಿತ್ತು: ಕೂದಲಿನಷ್ಟು ಸಣ್ಣ ಗಾಜಿನ ಕೊಳವೆ, ಅದರಲ್ಲಿ ಪಾದರಸ. ಹೃದಯದ ವಿದ್ಯುತ್ ತಗುಲಿದಾಗ ಪಾದರಸ ಸ್ವಲ್ಪ ಏರಿ ಇಳಿಯುತ್ತದೆ. ಅದರ ನೆರಳನ್ನು ಫೋಟೋ ತೆಗೆಯುತ್ತಾರೆ. ತೊಂದರೆ ಏನೆಂದರೆ ಪಾದರಸ ಭಾರ, ಅದರ ಚಲನೆ ನಿಧಾನ. ಹೃದಯದ ವಿದ್ಯುತ್ ಸರ್ರನೆ ಬಂದು ಹೋಗುತ್ತದೆ. ಪಾದರಸ ಎದ್ದೇಳುವಷ್ಟರಲ್ಲಿ ಅಲ್ಲಿ ಆಟವೇ ಮುಗಿದಿರುತ್ತದೆ. ಸಿಕ್ಕ ಗೆರೆ ನಿಜವಾದ ಗೆರೆಯಲ್ಲ, ಅದರ ಮಸುಕು ನೆರಳು.

ಅಬ್ಬಾನಿಗೆ ಹಣ್ಣಿನ ವ್ಯಾಪಾರ. ಅಂಗಡಿಯಲ್ಲಿ ಹಳೆಯ ತಕ್ಕಡಿ ಇದ್ದಾಗ ಅದು ಎಷ್ಟು ಗ್ರಾಂ ತಪ್ಪು ತೋರಿಸುತ್ತದೆ ಎಂದು ಅವರಿಗೆ ಗೊತ್ತಿತ್ತು. ಗಿರಾಕಿಗೆ ಮೋಸವಾಗದಂತೆ ಅಷ್ಟನ್ನು ಸೇರಿಸಿ ಕೊಡುತ್ತಿದ್ದರು. ಐಂಥೋವನ್ ಮೊದಲು ಮಾಡಿದ್ದೂ ಇದನ್ನೇ. ಪಾದರಸ ಎಷ್ಟು ತಡಮಾಡುತ್ತದೆ ಎಂದು ಲೆಕ್ಕ ಹಾಕಿ, ಗಣಿತದಿಂದ ತಿದ್ದಿ, ನಿಜವಾದ ಗೆರೆ ಹೇಗಿರಬೇಕು ಎಂದು 1895ರಲ್ಲಿ ಬರೆದು ತೋರಿಸಿದರು. ತಿದ್ದದ ಗೆರೆಯ ಏರಿಳಿತಗಳಿಗೆ ಎ, ಬಿ, ಸಿ, ಡಿ ಎಂಬ ಹೆಸರುಗಳಿದ್ದವು. ತಿದ್ದಿದ ಗೆರೆಗೆ ಬೇರೆ ಹೆಸರು ಬೇಕಲ್ಲ? ಅದಕ್ಕೆ ಪಿ, ಕ್ಯೂ, ಆರ್, ಎಸ್, ಟಿ ಎಂದು ಇಟ್ಟರು. ಇವತ್ತು ನಮ್ಮ ತಾಲ್ಲೂಕು ಆಸ್ಪತ್ರೆಯಿಂದ ಹಿಡಿದು ಅಮೆರಿಕದ ಆಸ್ಪತ್ರೆಯವರೆಗೆ ಎಲ್ಲ ಡಾಕ್ಟರುಗಳೂ ಹೇಳುವುದು ಇದೇ ಐದು ಅಕ್ಷರಗಳನ್ನು.

ಆದರೆ ಪ್ರತಿ ರೋಗಿಗೂ ಹೀಗೆ ಲೆಕ್ಕ ಹಾಕುತ್ತ ಕೂರಲು ಆಗುವುದಿಲ್ಲ. ತಪ್ಪು ತೂಗುವ ತಕ್ಕಡಿಯನ್ನು ಎಷ್ಟು ದಿನ ಇಟ್ಟುಕೊಳ್ಳುವುದು? ಹೊಸ ತಕ್ಕಡಿಯನ್ನೇ ಮಾಡಬೇಕೆಂದು ಐಂಥೋವನ್ ಹೊರಟರು. ಸ್ಫಟಿಕವನ್ನು ಕರಗಿಸಿ, ಅದಕ್ಕೆ ಬಾಣವನ್ನು ಅಂಟಿಸಿ, ಬಿಲ್ಲಿನಿಂದ ಹಾರಿಸಿದರೆ ಬಾಣದ ಹಿಂದೆ ಕಣ್ಣಿಗೆ ಕಾಣದಷ್ಟು ಸಣ್ಣ ಎಳೆ ಬಿಚ್ಚಿಕೊಳ್ಳುತ್ತದೆ. ಅಂಥ ಎಳೆಗೆ ಬೆಳ್ಳಿಯ ಲೇಪ ಕೊಟ್ಟು, ಬಲವಾದ ವಿದ್ಯುತ್ಕಾಂತದ ಎರಡು ತುದಿಗಳ ನಡುವೆ ನೇತುಹಾಕಿದರು. ಮನುಷ್ಯನ ಹೃದಯದಿಂದ ಬಂದ ವಿದ್ಯುತ್ ಆ ಎಳೆಯಲ್ಲಿ ಹರಿದಾಗ ಅದು ಅತ್ತಿತ್ತ ಅಲುಗುತ್ತದೆ. ಅದರ ಮೇಲೆ ಬೆಳಕು ಬಿಟ್ಟು, ಸೂಕ್ಷ್ಮದರ್ಶಕದಿಂದ ನೆರಳನ್ನು ದೊಡ್ಡದು ಮಾಡಿ, ಚಲಿಸುತ್ತಿರುವ ಫೋಟೋ ಫಲಕದ ಮೇಲೆ ಬೀಳಿಸಿದರೆ ಗೆರೆ ಮೂಡುತ್ತದೆ. ಎಳೆಗೆ ಭಾರವೇ ಇಲ್ಲ, ಆದ್ದರಿಂದ ತಡವೂ ಇಲ್ಲ. ಇದರ ಮೊದಲ ವಿವರಣೆಯನ್ನು ಅವರು 1901ರಲ್ಲಿ ಪ್ರಕಟಿಸಿದರು. ಇದಕ್ಕೆ ಎಳೆಯ ಗ್ಯಾಲ್ವನೋಮೀಟರ್ ಎಂದು ಹೆಸರು.

ಈ ಕಥೆಯಲ್ಲಿ ನನಗೆ ತುಂಬಾ ಇಷ್ಟವಾದ ಭಾಗ ಇಲ್ಲಿದೆ. ಹೊಸ ಯಂತ್ರ ಬರೆದ ಗೆರೆಯನ್ನೂ, ಕೆಲವು ವರ್ಷಗಳ ಹಿಂದೆ ತಾವು ಕಾಗದದ ಮೇಲೆ ಲೆಕ್ಕ ಹಾಕಿ ಬರೆದಿದ್ದ ಗೆರೆಯನ್ನೂ ಪಕ್ಕಪಕ್ಕ ಇಟ್ಟು ನೋಡಿದಾಗ ಎರಡೂ ಹೊಂದಿಕೊಂಡವು. ಅಕೌಂಟೆನ್ಸಿಯಲ್ಲಿ ಎರಡೂ ಬದಿಯ ಮೊತ್ತ ಸರಿಹೊಂದಿದಾಗ ನಮಗೆ ಆಗುವ ಸಂತೋಷವನ್ನು ನೂರು ಪಟ್ಟು ಮಾಡಿದರೆ ಅವರ ಸಂತೋಷ ಆಗಬಹುದು.

ಯಂತ್ರವೇನೋ ಆಯಿತು. ಆದರೆ ಅದರ ತೂಕ ಸುಮಾರು 270 ಕಿಲೋ. ನಡೆಸಲು ಐದು ಜನ ಬೇಕು. ಕಾಂತಗಳು ಕಾಯದಂತೆ ಸದಾ ನೀರು ಹರಿಸುತ್ತಿರಬೇಕು. ರೋಗಿ ಎರಡು ಕೈಗಳನ್ನೂ ಒಂದು ಕಾಲನ್ನೂ ಉಪ್ಪುನೀರು ತುಂಬಿದ ಪಾತ್ರೆಗಳಲ್ಲಿ ಇಳಿಸಿ ಕೂರಬೇಕು. ಇಷ್ಟು ದೊಡ್ಡ ಯಂತ್ರವನ್ನು ಆಸ್ಪತ್ರೆಗೆ ಹೊತ್ತೊಯ್ಯಲಾಗದು. ತೀರಾ ಕಾಯಿಲೆಯವರನ್ನು ಪ್ರಯೋಗಶಾಲೆಗೆ ಕರೆತರಲೂ ಆಗದು. ಐಂಥೋವನ್ ಏನು ಮಾಡಿದರು ಗೊತ್ತೇ? ಸುಮಾರು ಒಂದೂವರೆ ಕಿಲೋಮೀಟರ್ ದೂರದ ಆಸ್ಪತ್ರೆಗೂ ತಮ್ಮ ಪ್ರಯೋಗಶಾಲೆಗೂ ಟೆಲಿಫೋನ್ ತಂತಿಯ ಸಂಪರ್ಕ ಮಾಡಿಸಿದರು. ರೋಗಿ ಅಲ್ಲಿ, ಯಂತ್ರ ಇಲ್ಲಿ. 1905ರಲ್ಲಿ ತಂತಿಯ ಮೂಲಕ ಹೃದಯದ ಗೆರೆ ಬಂತು. ಈಗ ಹಳ್ಳಿಯ ಆರೋಗ್ಯ ಕೇಂದ್ರದಲ್ಲಿ ತೆಗೆದ ಇಸಿಜಿಯನ್ನು ವಾಟ್ಸಾಪ್‌ನಲ್ಲಿ ನಗರದ ಡಾಕ್ಟರಿಗೆ ಕಳಿಸುತ್ತೇವಲ್ಲ, ಅದರ ಮುತ್ತಜ್ಜ ಇದೇ.

ವಾಣಿಜ್ಯದ ವಿದ್ಯಾರ್ಥಿಯಾಗಿ ಇನ್ನೊಂದು ವಿಷಯ ಹೇಳದೆ ಮುಂದೆ ಹೋಗಲಾರೆ. ಯಂತ್ರವನ್ನು ತಯಾರಿಸಿ ಮಾರಲು ಐಂಥೋವನ್ ಮೊದಲು ಜರ್ಮನಿಯ ಮ್ಯೂನಿಕ್ ನಗರದ ಎಡೆಲ್‌ಮನ್ ಸಂಸ್ಥೆಯೊಂದಿಗೆ ಒಪ್ಪಂದ ಮಾಡಿಕೊಂಡರು. ಮಾರಿದ ಪ್ರತಿ ಯಂತ್ರಕ್ಕೂ ಅವರಿಗೆ ರಾಯಲ್ಟಿ ಬರಬೇಕಾಗಿತ್ತು. ಕೆಲವು ವರ್ಷಗಳಲ್ಲಿ ಆ ಸಂಸ್ಥೆ ಕೊಡುವುದನ್ನು ನಿಲ್ಲಿಸಿತು. ಆಮೇಲೆ ಇಂಗ್ಲೆಂಡಿನ ಕೇಂಬ್ರಿಜ್ ಸೈಂಟಿಫಿಕ್ ಇನ್‌ಸ್ಟ್ರುಮೆಂಟ್ ಕಂಪನಿ ಮುಂದೆ ಬಂತು. ಅದನ್ನು ನಡೆಸುತ್ತಿದ್ದವರು ಚಾರ್ಲ್ಸ್ ಡಾರ್ವಿನ್ನರ ಮಗ ಹೊರೇಸ್ ಡಾರ್ವಿನ್. ಅವರು ಯಂತ್ರವನ್ನು ಕುಗ್ಗಿಸುತ್ತ ಕುಗ್ಗಿಸುತ್ತ 1911ರ ಹೊತ್ತಿಗೆ ಮೇಜಿನ ಮೇಲೆ ಇಡುವ ಮಟ್ಟಕ್ಕೆ ತಂದರು. ಅಂಥ ಯಂತ್ರವನ್ನು ಮೊದಮೊದಲು ಪಡೆದವರಲ್ಲಿ ಲಂಡನ್ನಿನ ವೈದ್ಯ ಥಾಮಸ್ ಲೂಯಿಸ್ ಒಬ್ಬರು. ಗೆರೆ ಬರೆಯುವುದನ್ನು ಕಲಿಸಿದವರು ಐಂಥೋವನ್ ಆದರೆ, ಅದರಿಂದ ಹೃದಯದ ತಾಳ ತಪ್ಪುವ ಕಾಯಿಲೆಗಳನ್ನು ಓದುವುದನ್ನು ಕಲಿಸಿದವರು ಲೂಯಿಸ್. ಇಬ್ಬರ ನಡುವೆ ಪೈಪೋಟಿ ಇರಲಿಲ್ಲ, ಸ್ನೇಹವಿತ್ತು.

ಎರಡು ಕೈ, ಒಂದು ಕಾಲು. ಈ ಮೂರು ಬಿಂದುಗಳನ್ನು ಸೇರಿಸಿದರೆ ಒಂದು ತ್ರಿಕೋನ, ಅದರ ನಡುವೆ ಹೃದಯ. ಮೂರು ಬದಿಗಳಿಂದ ಮೂರು ಗೆರೆಗಳು ಸಿಗುತ್ತವೆ. ಇವಕ್ಕೆ ಒಂದನೆಯ, ಎರಡನೆಯ, ಮೂರನೆಯ ಲೀಡ್ ಎಂದು ಹೆಸರು. ಒಂದೇ ಮನೆಯನ್ನು ಮೂರು ಬೀದಿಗಳಿಂದ ನಿಂತು ನೋಡಿದ ಹಾಗೆ. 1912ರ ಸುಮಾರಿಗೆ ಅವರು ವಿವರಿಸಿದ ಇದನ್ನು ಇಂದಿಗೂ ಐಂಥೋವನ್ ತ್ರಿಕೋನ ಎನ್ನುತ್ತಾರೆ. ಅವರ ನಂತರ ಎದೆಯ ಮೇಲಿನ ಲೀಡ್‌ಗಳು ಸೇರಿ ಒಟ್ಟು ಹನ್ನೆರಡಾದವು. ಆದರೆ ಯಾವುದೇ ಇಸಿಜಿ ಕಾಗದ ತೆಗೆದು ನೋಡಿ, ಮೊದಲು ಬರುವುದು ಆ ಮೂರೇ.

1924ರಲ್ಲಿ ಐಂಥೋವನ್‌ಗೆ ವೈದ್ಯಕೀಯದ ನೊಬೆಲ್ ಪ್ರಶಸ್ತಿ ಬಂತು. ಆಗ ಅವರು ಉಪನ್ಯಾಸ ಕೊಡಲು ಅಮೆರಿಕದಲ್ಲಿ ಪ್ರವಾಸ ಮಾಡುತ್ತಿದ್ದರು. ಪ್ರಶಸ್ತಿಯ ಭಾಷಣದಲ್ಲಿ ಲೂಯಿಸರ ಕೆಲಸವನ್ನು ಮನಸಾರೆ ಹೊಗಳಿದರು. ಪ್ರಶಸ್ತಿಯ ಹಣದ ಬಗ್ಗೆ ಒಂದು ಪ್ರಸಂಗವನ್ನು ಅವರ ಕಥೆ ಹೇಳುವವರೆಲ್ಲ ಹೇಳುತ್ತಾರೆ. ಯಂತ್ರ ಕಟ್ಟುವಾಗ ವರ್ಷಗಟ್ಟಲೆ ಜೊತೆಗಿದ್ದ ಸಹಾಯಕರೊಬ್ಬರಿಗೂ ಈ ಹಣದಲ್ಲಿ ಪಾಲಿದೆ ಎಂದು ಅವರು ಹುಡುಕಿಕೊಂಡು ಹೋದರಂತೆ. ಆ ಸಹಾಯಕ ಆಗಲೇ ತೀರಿಕೊಂಡಿದ್ದರು. ಬಡತನದಲ್ಲಿದ್ದ ಅವರ ಇಬ್ಬರು ಸಹೋದರಿಯರು ಸಿಕ್ಕಾಗ ಅರ್ಧ ಹಣವನ್ನು ಅವರಿಗೆ ಕೊಟ್ಟರಂತೆ. ಹಕ್ಕಿನವರಿಗೆ ಹಕ್ಕು ಮುಟ್ಟಿಸಬೇಕು ಎಂದು ನಮ್ಮ ಹಿರಿಯರು ಹೇಳುವುದು ಇಂಥದ್ದನ್ನೇ. ಯಾವ ಬಾಂಡ್ ಪೇಪರಿನಲ್ಲೂ ಬರೆಯದಿದ್ದ ಸಾಲ ಅದು.

ಕೊನೆಯ ವರ್ಷಗಳಲ್ಲಿಯೂ ಅವರು ಸುಮ್ಮನೆ ಕೂರಲಿಲ್ಲ. ಮಗ ವಿದ್ಯುತ್ ಇಂಜಿನಿಯರ್ ಆಗಿದ್ದರು. ಎಳೆಯ ಗ್ಯಾಲ್ವನೋಮೀಟರನ್ನು ಗಾಳಿಯಿಲ್ಲದ ಕೋಶದಲ್ಲಿ ಇಟ್ಟು ಇನ್ನಷ್ಟು ಚುರುಕುಗೊಳಿಸಿ, ರೇಡಿಯೋ ಸಂದೇಶಗಳನ್ನು ಹಿಡಿಯಲು ಬಳಸುವ ಕೆಲಸದಲ್ಲಿ ತಂದೆ ಮಗ ಒಟ್ಟಿಗೆ ದುಡಿದರು. ತಂದೆ ಹುಟ್ಟಿದ ಜಾವಾದಲ್ಲಿಯೇ ಮಗ ಮುಂದೆ ರೇಡಿಯೋ ಪ್ರಯೋಗಶಾಲೆಯ ಮುಖ್ಯಸ್ಥರಾದರು. ಬಹಳ ದಿನ ಕಾಯಿಲೆಯಿಂದ ನರಳಿದ ಐಂಥೋವನ್ 1927ರ ಸೆಪ್ಟೆಂಬರಿನಲ್ಲಿ ಲೈಡನ್ನಿನಲ್ಲಿ ಕಣ್ಣುಮುಚ್ಚಿದರು. ಆಗ ಅವರಿಗೆ 67 ವರ್ಷ.

ಮನುಷ್ಯರ ಕಥೆ ಇಲ್ಲಿಗೆ ಮುಗಿಯುತ್ತದೆ. ಗೆರೆಯ ಕಥೆ ಮುಗಿಯುವುದಿಲ್ಲ. ಹೃದಯ ಮೈಗೆಲ್ಲ ರಕ್ತ ಕಳಿಸುತ್ತದೆ, ಆದರೆ ಅದಕ್ಕೂ ರಕ್ತ ಬೇಕು. ಅದನ್ನು ತರುವ ನಾಳಗಳಿಗೆ ಕರೋನರಿ ಅಪಧಮನಿಗಳು ಎಂದು ಹೆಸರು. ಐಂಥೋವನ್ ಬದುಕಿದ್ದಾಗಲೇ, 1920ರಲ್ಲಿ, ನ್ಯೂಯಾರ್ಕಿನ ಹೆರಾಲ್ಡ್ ಪಾರ್ಡಿ ಎಂಬ ವೈದ್ಯರು, ಈ ನಾಳ ಮುಚ್ಚಿಹೋಗಿ ಹೃದಯಾಘಾತವಾದಾಗ ಗೆರೆಯಲ್ಲಿ ಎಸ್ ಮತ್ತು ಟಿ ನಡುವಿನ ಭಾಗ ಮೇಲೇಳುತ್ತದೆ ಎಂದು ತೋರಿಸಿದರು. ಎಂದಿನ ಎದೆನೋವು ಬೇರೆ ರೀತಿಯದು. ನಾಳದೊಳಗೆ ಕೊಬ್ಬು ಕಟ್ಟಿ ದಾರಿ ಕಿರಿದಾಗಿರುತ್ತದೆ. ಮೆಟ್ಟಿಲು ಹತ್ತಿದರೆ, ಓಡಿದರೆ ನೋವು, ಕೂತರೆ ಕಡಿಮೆ. ಆಗ ಅದೇ ಎಸ್‌ಟಿ ಭಾಗ ಕೆಳಗೆ ಇಳಿಯುತ್ತದೆ.

ಇವೆರಡಕ್ಕೂ ಸೇರದ ರೋಗಿಗಳು ಕೆಲವರಿದ್ದರು. ಅವರು ಮೆಟ್ಟಿಲು ಹತ್ತುತ್ತಾರೆ, ಭಾರ ಹೊರುತ್ತಾರೆ, ಏನೂ ಆಗುವುದಿಲ್ಲ. ಆದರೆ ರಾತ್ರಿ ಮಲಗಿದಾಗ, ಹೆಚ್ಚಾಗಿ ನಡುರಾತ್ರಿಯಿಂದ ಬೆಳಗಿನ ಜಾವದೊಳಗೆ, ಎದೆ ಹಿಂಡುತ್ತದೆ. ಸ್ವಲ್ಪ ಹೊತ್ತಿಗೆ ತಾನೇ ಹೋಗುತ್ತದೆ. 1959ರಲ್ಲಿ ಅಮೆರಿಕದ ಲಾಸ್ ಏಂಜಲೀಸ್ ನಗರದ ಮೈರನ್ ಪ್ರಿಂಜ್‌ಮೆಟಲ್ ಮತ್ತು ಸಂಗಡಿಗರು ಇಂಥ ರೋಗಿಗಳ ಬಗ್ಗೆ ಬರೆದರು. ನೋವು ಇರುವಾಗಲೇ ಇಸಿಜಿ ತೆಗೆದರೆ ಎಸ್‌ಟಿ ಭಾಗ ಹೃದಯಾಘಾತದ ಹಾಗೆಯೇ ಮೇಲೆದ್ದಿರುತ್ತದೆ. ನೋವು ಹೋದ ಮೇಲೆ ತೆಗೆದರೆ ಗೆರೆ ಮೊದಲಿನಂತೆ. ಕಾರಣ, ನಾಳ ಶಾಶ್ವತವಾಗಿ ಮುಚ್ಚಿಲ್ಲ. ನಾಳದ ಗೋಡೆಯಲ್ಲಿರುವ ಸ್ನಾಯು ಒಮ್ಮೆಲೇ ಸೆಟೆದುಕೊಂಡು ದಾರಿಯನ್ನು ಹಿಸುಕಿದೆ, ಮತ್ತೆ ಬಿಟ್ಟಿದೆ. ಕಾಲಿನ ಮೀನಖಂಡ ಹಿಡಿದುಕೊಳ್ಳುವುದಿಲ್ಲವೇ, ಹಾಗೆ. ಇದನ್ನೇ ಕರೋನರಿ ನಾಳದ ಸೆಳೆತ ಎನ್ನುತ್ತಾರೆ.

ಸೆಳೆತ ಬಂದಾಗ ಮೊದಲು ಟಿ ಅಲೆ ಎತ್ತರವಾಗಿ ಮೊನಚಾಗಬಹುದು, ಆಮೇಲೆ ಎಸ್‌ಟಿ ಏರುತ್ತದೆ. ದಾರಿ ಪೂರ್ತಿ ಮುಚ್ಚದೆ ಅರೆಬರೆ ಮುಚ್ಚಿದರೆ ಎಸ್‌ಟಿ ಇಳಿಯಲೂಬಹುದು. ಯಾವ ನಾಳ ಸೆಳೆದಿದೆಯೋ ಅದು ರಕ್ತ ಕೊಡುವ ಭಾಗವನ್ನು ನೋಡುವ ಲೀಡ್‌ಗಳಲ್ಲೇ ಈ ಬದಲಾವಣೆ ಕಾಣುತ್ತದೆ. ಹೃದಯದ ತಳಭಾಗವಾದರೆ ಐಂಥೋವನ್‌ರ ಎರಡನೆಯ ಮತ್ತು ಮೂರನೆಯ ಲೀಡ್, ಮುಂಭಾಗವಾದರೆ ಎದೆಯ ಮೇಲಿನ ಲೀಡ್‌ಗಳು. ಸೆಳೆತ ಹೆಚ್ಚು ಹೊತ್ತು ನಿಂತರೆ ಹೃದಯದ ತಾಳ ತಪ್ಪಿ ಪ್ರಾಣಕ್ಕೆ ಅಪಾಯವಾಗುವುದೂ ಉಂಟು. ಆದ್ದರಿಂದ ಬಂದು ಹೋಗುವ ನೋವು ಎಂದು ಹಗುರವಾಗಿ ನೋಡುವಂತಿಲ್ಲ. ನೋವೇ ಇಲ್ಲದೆ ಸೆಳೆತ ಬಂದು ಹೋಗುವುದೂ ಇದೆ. ಅದನ್ನು ಹಿಡಿಯಲು ಇಡೀ ದಿನ ಮೈಗೆ ಕಟ್ಟಿಕೊಂಡು ತಿರುಗುವ ಹೋಲ್ಟರ್ ಎಂಬ ಸಣ್ಣ ಯಂತ್ರ ಬೇಕು.

ಗೆರೆಯ ಜೊತೆಗೆ ಚಿತ್ರವೂ ಬಂತು. 1958ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡ್ ಆಸ್ಪತ್ರೆಯಲ್ಲಿ ಮೇಸನ್ ಸೋನ್ಸ್ ಎಂಬ ವೈದ್ಯರು ಒಬ್ಬ ರೋಗಿಯ ಮಹಾಪಧಮನಿಯೊಳಗೆ ಬಣ್ಣ ಬಿಡಲು ಹೋದಾಗ ಕೊಳವೆ ಅಕಸ್ಮಾತ್ತಾಗಿ ಕರೋನರಿ ನಾಳದೊಳಗೆ ಜಾರಿತು. ಎಲ್ಲರೂ ಗಾಬರಿಯಾದರು, ಆದರೆ ರೋಗಿ ಚೇತರಿಸಿಕೊಂಡರು, ನಾಳದ ಚಿತ್ರ ಸ್ಪಷ್ಟವಾಗಿ ಬಂದಿತ್ತು. ಅದೇ ಈಗಿನ ಆಂಜಿಯೋಗ್ರಾಂ. ಸೆಳೆತದ ಹೊತ್ತಿನಲ್ಲಿ ತೆಗೆದರೆ ನಾಳ ಒಂದು ಕಡೆ ದಾರದಷ್ಟು ಸಣ್ಣಗಾಗಿ ಕಾಣುತ್ತದೆ. ನೈಟ್ರೋಗ್ಲಿಸರಿನ್ ಕೊಟ್ಟರೆ ಕಣ್ಣೆದುರೇ ಅಗಲವಾಗುತ್ತದೆ. ಸೆಳೆತ ಇಲ್ಲದಾಗ ತೆಗೆದರೆ ನಾಳ ಚೆನ್ನಾಗಿಯೇ ಕಾಣಬಹುದು. ಅದಕ್ಕೇ ಕೆಲವು ದೊಡ್ಡ ಆಸ್ಪತ್ರೆಗಳಲ್ಲಿ ಬಹಳ ಎಚ್ಚರಿಕೆಯಿಂದ ಔಷಧಿ ಕೊಟ್ಟು ಸೆಳೆತವನ್ನು ಬರಿಸಿ ನೋಡುವುದೂ ಇದೆ. ಎಕೋ ಪರೀಕ್ಷೆಯೂ ಹಾಗೆಯೇ. ಸೆಳೆತದಲ್ಲಿ ಹೃದಯದ ಗೋಡೆಯ ಆ ಭಾಗ ಸರಿಯಾಗಿ ಅಲುಗದೆ ನಿಲ್ಲುತ್ತದೆ, ರಕ್ತ ಬಂದ ಮೇಲೆ ಸಾಮಾನ್ಯವಾಗಿ ಮತ್ತೆ ಅಲುಗುತ್ತದೆ.

ಈಗ ನಮ್ಮ ಮನೆಯ ಫೈಲಿಗೆ ಬರುತ್ತೇನೆ. ಅಬ್ಬಾ ಮಂಡಿಗೆ ಹೋಗಲು ದಿನವೂ ಬೆಳಗಿನ ಜಾವ ಏಳುವವರು. ಕಳೆದ ವರ್ಷದ ಕೊನೆಯಲ್ಲಿ ಆ ಹೊತ್ತಿಗೇ ಎದೆ ಹಿಡಿದುಕೊಂಡು ಕೂರತೊಡಗಿದರು. ಅರ್ಧ ಗಂಟೆಯೊಳಗೆ ಸರಿಹೋಗುತ್ತಿತ್ತು. ಆಮೇಲೆ ಹಣ್ಣಿನ ಕ್ರೇಟುಗಳನ್ನು ತಾವೇ ಹೊತ್ತು ಇಳಿಸುತ್ತಿದ್ದರು. ಎರಡು ಸಲ ಬೆಳಗ್ಗೆ ಹತ್ತು ಗಂಟೆಗೆ ಆಸ್ಪತ್ರೆಗೆ ಹೋಗಿ ಇಸಿಜಿ ತೆಗೆಸಿದೆವು. ಎರಡು ಸಲವೂ ನಾರ್ಮಲ್. ಗ್ಯಾಸ್ಟ್ರಿಕ್ ಎಂದು ಮಾತ್ರೆ ಕೊಟ್ಟರು. ಅವರು ಓದಿದ್ದು ತಪ್ಪಲ್ಲ, ಆ ಹೊತ್ತಿನ ಗೆರೆ ನಿಜಕ್ಕೂ ನಾರ್ಮಲ್ ಆಗಿತ್ತು. ತಪ್ಪು ಮಾಡಿದ್ದು ನಾನು. ನನ್ನ ಕಾಲೇಜಿನ ಫೀಸು ಕಟ್ಟುವ ತಿಂಗಳು ಅದು. ಚಿಂತೆಯಿಂದ ಹೀಗೆ ಆಗುತ್ತಿದೆ, ಕಾಯಿಲೆ ಏನೂ ಇಲ್ಲ, ಪೇಪರಿನಲ್ಲೇ ಬಂದಿದೆಯಲ್ಲ ಎಂದು ನಾನು ಅಮ್ಮಿಗೆ ಹೇಳಿದೆ. ಅಬ್ಬಾ ಪಕ್ಕದಲ್ಲೇ ಇದ್ದರು. ಏನೂ ಅನ್ನಲಿಲ್ಲ. ಮುಂದಿನ ಕೆಲವು ದಿನ ನೋವು ಬಂದರೂ ಯಾರನ್ನೂ ಎಬ್ಬಿಸದೆ ಒಬ್ಬರೇ ವರಾಂಡದಲ್ಲಿ ಕೂತಿದ್ದರು ಎಂದು ಆಮೇಲೆ ತಿಳಿಯಿತು.

ಅಮ್ಮಿ ಮಾತ್ರ ಪೇಪರನ್ನು ನಂಬಲಿಲ್ಲ, ಅಬ್ಬಾನ ಮುಖವನ್ನು ನಂಬಿದರು. ಒಂದು ದಿನ ಬೆಳಗಿನ ಜಾವ ಅವರು ಬೆವರುತ್ತಿರುವುದನ್ನು ನೋಡಿ, ಬೆಳಗಾಗಲಿ ಎನ್ನದೆ, ಪಕ್ಕದ ಮನೆಯ ಚಾಚಾನ ಆಟೋದಲ್ಲಿ ಹತ್ತಿರದ ನರ್ಸಿಂಗ್ ಹೋಮಿಗೆ ಕರೆದೊಯ್ದರು. ನಾನೂ ಹೋದೆ. ನೋವು ಇನ್ನೂ ಇತ್ತು. ರಾತ್ರಿ ಪಾಳಿಯ ಸಿಸ್ಟರ್ ಮಲಗಿಸಿದವರೇ ಮೊದಲು ಇಸಿಜಿ ತೆಗೆದರು. ಎರಡನೆಯ, ಮೂರನೆಯ ಲೀಡ್‌ಗಳಲ್ಲಿ ಗೆರೆ ಎದ್ದು ನಿಂತಿತ್ತು. ಡಾಕ್ಟರ್ ಓಡಿ ಬಂದು ನಾಲಿಗೆಯ ಕೆಳಗೆ ಮಾತ್ರೆ ಇಟ್ಟರು. ಹದಿನೈದು ನಿಮಿಷದ ನಂತರ ತೆಗೆದ ಇಸಿಜಿಯಲ್ಲಿ ಗೆರೆ ಇಳಿದಿತ್ತು. ನೋವೂ ಇರಲಿಲ್ಲ. ನಗರದ ಆಸ್ಪತ್ರೆಯಲ್ಲಿ ಆಂಜಿಯೋಗ್ರಾಂ ಆದಾಗ ದೊಡ್ಡ ಅಡೆತಡೆ ಏನೂ ಕಾಣಲಿಲ್ಲ. ಈ ಎರಡು ಕಾಗದಗಳು ಇಲ್ಲದಿದ್ದರೆ ಅಲ್ಲಿಂದಲೂ ಬರಿಗೈಯಲ್ಲಿ ಮನೆಗೆ ಬರುತ್ತಿದ್ದೆವೇನೋ. ಅವನ್ನು ಪಕ್ಕಪಕ್ಕ ಇಟ್ಟು ನೋಡಿದ ಡಾಕ್ಟರ್ ನಾಳದ ಸೆಳೆತ ಎಂದು ಹೇಳಿದರು. ನಾಳವನ್ನು ಸಡಿಲವಾಗಿ ಇಡುವ ಮಾತ್ರೆ ಬರೆದುಕೊಟ್ಟು, ಸಿಗರೇಟು ಈ ಕಾಯಿಲೆಯ ದೊಡ್ಡ ಗೆಳೆಯ ಎಂದು ಎಚ್ಚರಿಸಿದರು. ಇಪ್ಪತ್ತು ವರ್ಷದ ಸಿಗರೇಟನ್ನು ಅಬ್ಬಾ ಅಂದೇ ಬಿಟ್ಟರು. ಈಗ ಆರಾಮಾಗಿದ್ದಾರೆ, ಅಲ್‌ಹಮ್ದುಲಿಲ್ಲಾಹ್.

ನಾವು ವಾಣಿಜ್ಯದವರು ಬ್ಯಾಲೆನ್ಸ್ ಶೀಟ್‌ನ ತಲೆಬರಹದಲ್ಲಿ ಇಂಥ ದಿನಾಂಕದಂದು ಇದ್ದಂತೆ ಎಂದು ಬರೆಯುತ್ತೇವೆ. ಮಾರ್ಚ್ 31ರ ಬ್ಯಾಲೆನ್ಸ್ ಶೀಟ್ ಅಂದಿನ ಸ್ಥಿತಿಯನ್ನು ಹೇಳುತ್ತದೆ. ಆಗಸ್ಟಿನಲ್ಲಿ ಅಂಗಡಿ ಪಟ್ಟ ಪಾಡು ಅದರಲ್ಲಿ ಕಾಣುವುದಿಲ್ಲ. ಇಸಿಜಿಯೂ ಅಷ್ಟೇ. ಅದು ಸುಳ್ಳು ಹೇಳುವುದಿಲ್ಲ, ಆದರೆ ತೆಗೆದ ಆ ಕೆಲವು ಕ್ಷಣಗಳ ಬಗ್ಗೆ ಮಾತ್ರ ಹೇಳುತ್ತದೆ. ಹೃದಯದ ಒಂದು ಕ್ಷಣವನ್ನು ತಡವಿಲ್ಲದೆ, ಇದ್ದದ್ದು ಇದ್ದ ಹಾಗೆ ಬರೆಯುವ ಎಳೆಗಾಗಿ ಐಂಥೋವನ್ ಅಷ್ಟು ವರ್ಷ ದುಡಿದರು. ಆ ಕ್ಷಣ ಯಾವುದು ಎಂದು ಹೇಳಬೇಕಾದವರು ಮಾತ್ರ ರೋಗಿ ಮತ್ತು ಮನೆಯವರು.

ಆದ್ದರಿಂದ ಗೆಳೆಯರೇ, ನಿಮ್ಮ ಮನೆಯಲ್ಲಿ ಯಾರಾದರೂ ಎದೆ ನೋಯುತ್ತದೆ ಎಂದರೆ, ಹಿಂದಿನ ಪೇಪರಿನಲ್ಲಿ ನಾರ್ಮಲ್ ಎಂದಿದೆ ಅಂತ ಸುಮ್ಮನಾಗಬೇಡಿ. ಬೆಳಗಾಗುವವರೆಗೆ ಕಾಯಬೇಡಿ. ನೋವು ಇರುವಾಗಲೇ ಕರೆದುಕೊಂಡು ಹೋಗಿ. ತೆಗೆಸಿದ ಪ್ರತಿ ಕಾಗದವನ್ನೂ ಜೋಪಾನವಾಗಿ ಇಡಿ. ಐಂಥೋವನ್‌ರ ಕಥೆ ಓದಿದ ಮೇಲೆ ನಾನು ಅಬ್ಬಾನ ಬಳಿ ಕೂತು ಅಂದು ಹೇಳಿದ ಮಾತಿಗೆ ಮಾಫಿ ಕೇಳಿದೆ. ಅವರು ನಕ್ಕು, ಪಾದರಸದ ತಕ್ಕಡಿಯ ಕಥೆಯನ್ನು ಇನ್ನೊಮ್ಮೆ ಹೇಳು ಎಂದರು.

— ದ್ವಿತೀಯ ಪಿ.ಯು.ಸಿ., ವಾಣಿಜ್ಯ ವಿಭಾಗದ ವಿದ್ಯಾರ್ಥಿ